ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳನ್ನು ರಾಯಚೂರಿನಲ್ಲಿ ಯಾರಿಗೆ ಕೊಡಬೇಕು?

ಮಾವಿನಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಮನೆಗೆ ಸುಣ್ಣ ಬಳಿಸಬೇಕೆಂದು ಅಟ್ಟದ ಸಾಮಾನುಗಳನ್ನು ಇಳಿಸಿದಾಗ ಎರಡು ಹಳೆಯ ಟಿವಿಗಳು ಕೆಳಗೆ ಬಂದವು. ಒಂದು 14 ಇಂಚಿನ ಕಪ್ಪು-ಬಿಳುಪಿನದು, ಇನ್ನೊಂದು ಮಗಳ ಮದುವೆಗೆ ಮೊದಲು ಕೊಂಡ 21 ಇಂಚಿನ ಬಣ್ಣದ್ದು. ಇವುಗಳ ಜೊತೆಗೆ ಎರಡು ಸೆಟ್‌ಟಾಪ್ ಬಾಕ್ಸ್, ಒಂದು ಸಿಡಿ ಪ್ಲೇಯರ್, ಯಾವುದಕ್ಕೆ ಸೇರಿದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಆರೇಳು ರಿಮೋಟುಗಳು. ತಳ್ಳುಬಂಡಿಯವರು ಎರಡೂ ಟಿವಿಗೆ ಸೇರಿ ನೂರೈವತ್ತು ರೂಪಾಯಿ ಹೇಳಿದರು. ಹಣ ಎಷ್ಟಾದರೂ ಆಗಲಿ, ಜಾಗ ಖಾಲಿಯಾದರೆ ಸಾಕೆಂದು ಕೊಟ್ಟುಬಿಡುವವನಿದ್ದೆ. ಹೋದ ತಿಂಗಳು ಕಂಡ ಒಂದು ನೋಟ ಕೈ ಹಿಡಿದು ನಿಲ್ಲಿಸಿತು.

ನಮ್ಮ ಓಣಿಯ ಕೊನೆಯಲ್ಲಿ ಒಂದು ಖಾಲಿ ನಿವೇಶನವಿದೆ. ಪಕ್ಕದ ಮನೆಯವರು ಮಾರಿದ ಟಿವಿಯನ್ನು ಬಂಡಿಯವರು ಅಲ್ಲಿಯೇ ಇಳಿಸಿ, ಹಿಂದಿನ ಕವಚ ಕಳಚಿ, ಟ್ಯೂಬಿನ ಕುತ್ತಿಗೆಗೆ ಒಂದು ಕಲ್ಲೇಟು ಹಾಕಿದರು. ಹುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ನನ್ನ ಗೇಟಿನವರೆಗೂ ಕೇಳಿಸಿತು. ಕುತ್ತಿಗೆಯ ಸುತ್ತಲಿದ್ದ ತಾಮ್ರದ ಸುರುಳಿಯನ್ನು ಎಳೆದುಕೊಂಡು, ಬೋರ್ಡನ್ನು ಚೀಲಕ್ಕೆ ತುಂಬಿಕೊಂಡು, ಗಾಜನ್ನು ಚರಂಡಿಯ ಪಕ್ಕದಲ್ಲೇ ಬಿಟ್ಟು ಹೊರಟರು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಮರುದಿನ ಓಣಿಯ ಮಕ್ಕಳು ಆ ಗಾಜಿನ ಒಳಮೈಗೆ ಅಂಟಿದ್ದ ಬಿಳಿಯ ಪುಡಿಯನ್ನು ಬೆರಳಿನಿಂದ ಕೆರೆದು, ಪೌಡರಿನಂತೆ ಕೆನ್ನೆಗೆ ಬಳಿದುಕೊಂಡು ಆಡುತ್ತಿದ್ದರು. ಬೈದು ಓಡಿಸಿದೆ, ಆದರೆ ಆ ಪುಡಿ ಏನೆಂಬುದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನನ್ನ ಎರಡು ಟಿವಿಗಳು ಆ ಗತಿಗೆ ಹೋಗಬಾರದು. ನಮ್ಮ ಊರಿನಲ್ಲಿ ಇವುಗಳನ್ನು ಸರಿಯಾಗಿ ವಿಲೇವಾರಿ ಮಾಡುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ನಿಜಲಿಂಗಪ್ಪ ಕಾಲೋನಿ

ಸರ್, ಇಷ್ಟು ಯೋಚಿಸುವ ಅಗತ್ಯವಿಲ್ಲ. ಹೊಸ ಟಿವಿ ಕೊಳ್ಳುವಾಗ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ. ಅಂಗಡಿಯವರೇ ಬಂದು ಹೊತ್ತುಕೊಂಡು ಹೋಗುತ್ತಾರೆ, ಸಾವಿರ ರೂಪಾಯಿ ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ.

ತೀನ್ ಕಂದೀಲ್ ಟಿವಿ ರಿಪೇರಿ

ಎಕ್ಸ್‌ಚೇಂಜ್ ಎಂಬುದು ಟಿವಿಯ ಪ್ರಯಾಣದ ಕೊನೆಯಲ್ಲ, ಮೊದಲ ನಿಲ್ದಾಣ. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿರುವುದರಿಂದ ಹೇಳುತ್ತೇನೆ: ಎಕ್ಸ್‌ಚೇಂಜ್‌ಗೆ ಬಂದ ಸೆಟ್ಟುಗಳನ್ನು ಕೆಲವು ಅಂಗಡಿಯವರು ಲಾಟಿನ ಲೆಕ್ಕದಲ್ಲಿ ನಮ್ಮಂಥ ಮೆಕ್ಯಾನಿಕ್‌ಗಳಿಗೋ ಗುಜರಿಯವರಿಗೋ ಮಾರುತ್ತಾರೆ. ನಾವು ನಡೆಯುವಂಥವನ್ನು ಆರಿಸಿಕೊಳ್ಳುತ್ತೇವೆ, ಉಳಿದದ್ದು ಮೇಷ್ಟ್ರು ಹೇಳಿದ ಖಾಲಿ ನಿವೇಶನಕ್ಕೇ ಹೋಗುತ್ತದೆ. ಎಲ್ಲ ಅಂಗಡಿಗಳೂ ಹೀಗೆಯೇ ಎನ್ನುವುದಿಲ್ಲ. ಹಳೆಯ ಸೆಟ್ಟನ್ನು ಯಾವ ನೋಂದಾಯಿತ ಮರುಬಳಕೆ ಘಟಕಕ್ಕೆ ಕಳುಹಿಸುತ್ತೀರಿ, ಅದರ ರಸೀದಿ ತೋರಿಸುತ್ತೀರಾ ಎಂದು ಒಮ್ಮೆ ಕೇಳಿ ನೋಡಿ. ಉತ್ತರಕ್ಕಿಂತ ಮೊದಲು ಕೌಂಟರಿನಲ್ಲಿರುವವರ ಮುಖವೇ ವಿಷಯವನ್ನು ಹೇಳುತ್ತದೆ.

ಮೇಷ್ಟ್ರೇ, ಈಗ ನಿಮ್ಮ ಸೆಟ್ಟುಗಳ ವಿಷಯ. ದಯವಿಟ್ಟು ಯಾರೂ ಕವಚ ಬಿಚ್ಚಿ ಕೈ ಹಾಕಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿನ ಪಕ್ಕಕ್ಕೆ ರಬ್ಬರ್ ಟೋಪಿಯಂಥ ಕನೆಕ್ಷನ್ ಕಾಣುತ್ತದೆಯಲ್ಲ, ಅಲ್ಲಿಗೆ ಇಪ್ಪತ್ತು-ಇಪ್ಪತ್ತೈದು ಸಾವಿರ ವೋಲ್ಟ್ ಬರುತ್ತದೆ. ಟ್ಯೂಬಿನ ಗಾಜೇ ಕೆಪ್ಯಾಸಿಟರಿನಂತೆ ವರ್ತಿಸುವುದರಿಂದ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಕೆಲಸ ಕಲಿಯುವಾಗ ಒಮ್ಮೆ ನಾನು ಅದನ್ನು ಭೂಮಿಗೆ ಇಳಿಸದೆಯೇ ಬೆರಳು ತಾಗಿಸಿದೆ. ಹೊಡೆತಕ್ಕಿಂತ ಹೆಚ್ಚಾಗಿ, ಕೈ ಹಿಂದಕ್ಕೆ ಎಳೆದ ರಭಸಕ್ಕೆ ತೊಡೆಯ ಮೇಲಿದ್ದ ಟ್ಯೂಬು ಜಾರಿ ಬಿದ್ದದ್ದು ಭಯಂಕರವಾಗಿತ್ತು. ಒಳಗೆ ನಿರ್ವಾತವಿರುವುದರಿಂದ ಗಾಜು ಒಳಕ್ಕೆ ಕುಸಿದು, ಆಮೇಲೆ ಚೂರುಗಳು ಹೊರಕ್ಕೆ ಹಾರುತ್ತವೆ. ಹುಬ್ಬಿನ ಮೇಲೆ ಆ ಗುರುತು ಇಂದಿಗೂ ಇದೆ.

ಎತ್ತುವ ಬಗೆಯನ್ನೂ ಹೇಳಿಬಿಡುತ್ತೇನೆ. ಈ ಸೆಟ್ಟುಗಳ ಭಾರವೆಲ್ಲ ಮುಂಭಾಗದಲ್ಲಿರುತ್ತದೆ. ಆದ್ದರಿಂದ ಪರದೆಯನ್ನು ನಿಮ್ಮ ಎದೆಯ ಕಡೆಗೆ ತಿರುಗಿಸಿ ಹಿಡಿಯಬೇಕು. ಸಾಗಿಸುವಾಗ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಪರದೆ ಕೆಳಮುಖವಾಗಿ ಇಡಿ. ಕುತ್ತಿಗೆಗೆ ಏನೂ ತಾಗಬಾರದು.

ರಸಾಯನ ಉಪನ್ಯಾಸಕಿ, ಸಿಂಧನೂರು

ಮಕ್ಕಳು ಕೆನ್ನೆಗೆ ಬಳಿದುಕೊಂಡ ಪುಡಿಯ ಬಗ್ಗೆ ಮೊದಲು ಹೇಳುತ್ತೇನೆ. ಅದು ಫಾಸ್ಫರ್, ಅಂದರೆ ಎಲೆಕ್ಟ್ರಾನುಗಳು ಬಡಿದಾಗ ಬೆಳಕು ಕೊಡುವ ಲೇಪ. ಅದರಲ್ಲಿ ಮುಖ್ಯವಾಗಿ ಸತುವಿನ ಸಲ್ಫೈಡ್ ಇರುತ್ತದೆ. ಬಹಳ ಹಳೆಯ ಟ್ಯೂಬುಗಳಲ್ಲಿ ಕ್ಯಾಡ್ಮಿಯಂ ಕೂಡ ಇರುತ್ತಿತ್ತು. ಕೆಂಪು ಬಣ್ಣಕ್ಕೆ ಯಿಟ್ರಿಯಂ ಮತ್ತು ಯೂರೋಪಿಯಂ ಸಂಯುಕ್ತಗಳು. ಪರಿಮಾಣ ಕಡಿಮೆಯಾದರೂ ನುಣ್ಣನೆಯ ಧೂಳಾದ್ದರಿಂದ ಉಸಿರಿನಲ್ಲಿ ಸೇರುತ್ತದೆ. ಓಣಿಯವರಿಗೆ ದಯವಿಟ್ಟು ತಿಳಿಸಿ, ಮಕ್ಕಳ ಕೈ-ಮುಖವನ್ನು ಸಾಬೂನಿನಿಂದ ತೊಳೆಸಿ.

ಅದಕ್ಕಿಂತ ದೊಡ್ಡ ಸಮಸ್ಯೆ ಗಾಜೇ. ಅಷ್ಟು ಹೆಚ್ಚಿನ ವೋಲ್ಟೇಜಿನಲ್ಲಿ ಎಲೆಕ್ಟ್ರಾನುಗಳು ಪರದೆಗೆ ಬಡಿದಾಗ ಸ್ವಲ್ಪ ಎಕ್ಸ್-ಕಿರಣ ಹುಟ್ಟುತ್ತದೆ. ಅದು ಮನೆಮಂದಿಯನ್ನು ತಲುಪದಿರಲೆಂದು ಬಣ್ಣದ ಟ್ಯೂಬಿನ ಹಿಂಭಾಗದ ಆಲಿಕೆಯಂಥ ಗಾಜಿನಲ್ಲಿ ತೂಕದ ಐದನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸೀಸದ ಆಕ್ಸೈಡ್ ಬೆರೆಸುತ್ತಿದ್ದರು. ಕುತ್ತಿಗೆಯಲ್ಲಿ ಇನ್ನೂ ಹೆಚ್ಚು. ಸೀಸ ಬೆರೆತರೆ ಗಾಜು ಕಾಲಕ್ರಮದಲ್ಲಿ ಕಂದು ತಿರುಗುವುದರಿಂದ ಮುಂಭಾಗದ ಗಾಜಿಗೆ ಬೇರಿಯಂ, ಸ್ಟ್ರಾನ್ಷಿಯಂ ಬಳಸುತ್ತಿದ್ದರು. ಹೀಗೆ ಒಂದು ದೊಡ್ಡ ಬಣ್ಣದ ಟಿವಿಯಲ್ಲಿ ಕಿಲೋ ಲೆಕ್ಕದಲ್ಲಿ ಸೀಸವಿರುತ್ತದೆ. ಕಪ್ಪು-ಬಿಳುಪಿನ ಟ್ಯೂಬಿನಲ್ಲಿ ಅದು ಕಡಿಮೆ.

ಹಾಗೆಂದು ಅಟ್ಟದ ಮೇಲಿನ ಟಿವಿಗೆ ಹೆದರಬೇಕಿಲ್ಲ. ಒಡೆಯದ ಟ್ಯೂಬಿನೊಳಗೆ ಸೀಸ ಗಾಜಿನ ರಚನೆಯಲ್ಲೇ ಬಂಧಿತವಾಗಿರುತ್ತದೆ. ಅದು ಗಾಳಿಗೆ ಬರುವುದಿಲ್ಲ, ಕೋಣೆಯಲ್ಲಿ ಮಲಗಿದವರಿಗೆ ಏನೂ ಆಗುವುದಿಲ್ಲ. ಅಪಾಯ ಆರಂಭವಾಗುವುದು ಒಡೆದ ಮೇಲೆ. ಚೂರು ಸಣ್ಣದಾದಷ್ಟೂ ನೀರಿಗೆ ಸಿಗುವ ಮೈ ಹೆಚ್ಚುತ್ತದೆ; ಚರಂಡಿಯ, ತಿಪ್ಪೆಯ ಆಮ್ಲೀಯ ನೀರು ಸೀಸವನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸದ ಇಂತಿಷ್ಟು ಪ್ರಮಾಣ ಸುರಕ್ಷಿತವೆಂದು ಹೇಳುವ ಮಟ್ಟವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಗುಜರಿ ಮನೆಯ ಮಗ

ಮೇಡಂ ಅವರ ವಿವರಣೆಗೆ ಧನ್ಯವಾದಗಳು. ಆದರೆ ಈ ಚರ್ಚೆ ಓದಿದವರಿಗೆ ಗುಜರಿಯವರೆಂದರೆ ಊರಿಗೆ ವಿಷ ಹಂಚುವವರು ಎಂಬ ಭಾವನೆ ಬರಬಾರದೆಂದು ಬರೆಯುತ್ತಿದ್ದೇನೆ. ನಮ್ಮ ತಂದೆಯವರದು ಗುಜರಿ ಅಂಗಡಿ. ನಾನು ಡಿಪ್ಲೊಮಾ ಮುಗಿಸಿ ಅದೇ ಅಂಗಡಿಯ ಲೆಕ್ಕ ನೋಡುತ್ತೇನೆ.

ವ್ಯವಹಾರ ಹೀಗಿದೆ. ಬಂಡಿಯವರು ಬೆಳಿಗ್ಗೆ ನಮ್ಮಿಂದಲೇ ಐನೂರು, ಸಾವಿರ ರೂಪಾಯಿ ಮುಂಗಡ ಪಡೆದು ಓಣಿಗಳಿಗೆ ಹೋಗುತ್ತಾರೆ, ಸಂಜೆ ತಂದದ್ದನ್ನು ತೂಗಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ನಾವು ಕಬ್ಬಿಣ, ತಾಮ್ರ, ಹಿತ್ತಾಳೆ, ನಮ್ಮ ಕಡೆ ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಂ, ಪ್ಲಾಸ್ಟಿಕ್, ಬೋರ್ಡು ಎಂದು ಬೇರ್ಪಡಿಸುತ್ತೇವೆ. ರಾಯಚೂರಿನಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್, ಹೈದರಾಬಾದ್ ಅದರ ಅರ್ಧದಷ್ಟು. ಆದ್ದರಿಂದ ನಮ್ಮ ಮಾಲು ಹೈದರಾಬಾದಿನ ಕಡೆಗೇ ಹೋಗುತ್ತದೆ. ಇಷ್ಟರಲ್ಲಿ ಪಿಕ್ಚರ್ ಟ್ಯೂಬಿನ ಗಾಜಿಗೆ ಮಾತ್ರ ಕೊಳ್ಳುವವರಿಲ್ಲ. ಬಾಟಲಿಯ ಗಾಜಿನ ವ್ಯಾಪಾರಿಯೂ ಅದನ್ನು ಮುಟ್ಟುವುದಿಲ್ಲ. 21 ಇಂಚಿನ ಸೆಟ್ಟಿನ ತೂಕದ ಹೆಚ್ಚಿನ ಪಾಲು ಆ ಗಾಜೇ. ಬಂಡಿಯವರು ಅದನ್ನು ಬಿಸಿಲಿನಲ್ಲಿ ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಬಂದರೆ ನಾವು ಅದಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹಾಗಾದರೆ ಅವರು ದಾರಿಯಲ್ಲೇ ಒಡೆದು ಹಗುರ ಮಾಡಿಕೊಳ್ಳದೆ ಇನ್ನೇನು ಮಾಡಿಯಾರು? ಕಲ್ಲು ಎತ್ತಿದ ಕೈಯನ್ನು ಎಲ್ಲರೂ ನೋಡುತ್ತಾರೆ, ಗಾಜಿಗೆ ಬೆಲೆಯಿಲ್ಲದ ಲೆಕ್ಕವನ್ನು ಯಾರೂ ನೋಡುವುದಿಲ್ಲ. ಆ ಲೆಕ್ಕ ಬರೆಯುವವನು ನಾನೇ ಆದ್ದರಿಂದ ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಾವಿನಕೆರೆ ಮೇಷ್ಟ್ರು

ತಮ್ಮಾ, ನಿನ್ನ ಮಾತು ಸರಿ. ನಾನು ದೂರಿದ್ದು ಒಬ್ಬರನ್ನಲ್ಲ, ಆದರೆ ಬರೆದ ಧಾಟಿ ಹಾಗೆ ಕೇಳಿಸಿತೇನೋ.

ಗಾಜಿಗೆ ಏಕೆ ಬೆಲೆಯಿಲ್ಲ ಎಂಬುದನ್ನು ಬಲ್ಲವರು ತಿಳಿಸಬೇಕು. ಮೊದಲಿನಿಂದಲೂ ಹೀಗೆಯೇ ಇತ್ತೇ?

ಶಕ್ತಿನಗರ ಕ್ವಾರ್ಟರ್ಸ್

ಮೊದಲಿನಿಂದ ಹೀಗಿರಲಿಲ್ಲ. ಹಳೆಯ ಟ್ಯೂಬಿನ ಗಾಜನ್ನು ಕರಗಿಸಿ ಹೊಸ ಟ್ಯೂಬಿಗೆ ಬಳಸಬಹುದಿತ್ತು. ಬಿಸಿ ತಂತಿಯಿಂದಲೋ ವಜ್ರದ ಗರಗಸದಿಂದಲೋ ಮುಂಭಾಗ ಮತ್ತು ಹಿಂಭಾಗವನ್ನು ಬೇರ್ಪಡಿಸಿ, ಫಾಸ್ಫರ್ ಪುಡಿಯನ್ನು ಮುಚ್ಚಿದ ಕೋಣೆಯಲ್ಲಿ ಹೀರುಯಂತ್ರದಿಂದ ತೆಗೆದು, ಎರಡು ಬಗೆಯ ಗಾಜನ್ನು ಪ್ರತ್ಯೇಕವಾಗಿ ಕಾರ್ಖಾನೆಗೆ ಕಳುಹಿಸುತ್ತಿದ್ದರು. ಎಲ್‌ಸಿಡಿ, ಎಲ್‌ಇಡಿ ಬಂದ ಮೇಲೆ ಪಿಕ್ಚರ್ ಟ್ಯೂಬ್ ತಯಾರಿಸುವ ಕಾರ್ಖಾನೆಗಳೇ ಮುಚ್ಚಿದವು, ಅವುಗಳೊಂದಿಗೆ ಆ ಗಾಜಿನ ಗಿರಾಕಿಯೂ ಹೋದ. ಈಗ ಸೀಸದ ಗಾಜು ಸೀಸ ಕರಗಿಸುವ ಕುಲುಮೆಗೆ ಹೋಗಬೇಕು, ಇಲ್ಲವೇ ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ಭದ್ರ ಗುಂಡಿಗೆ ಹೋಗಬೇಕು. ಎರಡಕ್ಕೂ ಘಟಕದವರು ಕೈಯಿಂದ ದುಡ್ಡು ಹಾಕಬೇಕು.

ಕಾನೂನಿನ ಕಡೆಯಿಂದ ನೋಡಿದರೆ, ಇ-ತ್ಯಾಜ್ಯಕ್ಕೆಂದು ಪ್ರತ್ಯೇಕ ನಿಯಮಗಳು ಮೊದಲು ಬಂದದ್ದು 2011ರಲ್ಲಿ; ಜಾರಿಯಾದದ್ದು 2012ರ ಮೇ ತಿಂಗಳಿನಿಂದ. ಆಮೇಲೆ 2016ರಲ್ಲಿ ಹೊಸದು, ಮತ್ತೆ 2022ರಲ್ಲಿ ಇನ್ನೊಂದು. ಈ ಕೊನೆಯದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ ಮತ್ತು 106 ಬಗೆಯ ಉಪಕರಣಗಳನ್ನು ಪಟ್ಟಿಗೆ ಸೇರಿಸಿದೆ. ಇದರ ತಿರುಳು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ: ಟಿವಿ ಮಾರಿದ ಕಂಪನಿ ಅದು ಹಾಳಾದ ಮೇಲಿನ ವಿಲೇವಾರಿಗೂ ಹೊಣೆ. 2023-24 ಮತ್ತು 2024-25ಕ್ಕೆ 60 ಶೇಕಡಾ, ಮುಂದಿನ ಎರಡು ವರ್ಷಗಳಿಗೆ 70, ಅನಂತರ 80 ಶೇಕಡಾ ಎಂದು ಮರುಬಳಕೆಯ ಗುರಿ ನಿಗದಿಯಾಗಿದೆ. ಕಂಪನಿಗಳು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ಈ ಗುರಿಯನ್ನು ತುಂಬಿಸುತ್ತವೆ.

ನನ್ನ ತಕರಾರು ಇರುವುದು ಇಲ್ಲಿ. ಆ ಪ್ರಮಾಣಪತ್ರಗಳನ್ನು ಲೆಕ್ಕ ಹಾಕುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳ ಮೇಲೆ. ಬಂಡಿಯವರಿಗೆ ಬೇಕಾದದ್ದೂ ತಾಮ್ರ, ಕಾಯ್ದೆ ಎಣಿಸುವುದೂ ತಾಮ್ರ. ಗಾಜು ಎರಡು ಕಡೆಯೂ ಅನಾಥ. ಪ್ರಪಂಚದ ಚಿತ್ರವೂ ಬಹಳ ಬೇರೆಯಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು 22.3 ಶೇಕಡಾಕ್ಕೆ ಮಾತ್ರ.

ಮಾನ್ವಿ ಶಾಲಾ ಶಿಕ್ಷಕಿ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹನ್ನೊಂದು ಹಳೆಯ ಡಬ್ಬಿ ಮಾನಿಟರುಗಳಿದ್ದವು. ನಿರುಪಯುಕ್ತವೆಂದು ಬರೆದು ಹರಾಜು ಹಾಕಿದೆವು. ಹೆಚ್ಚು ಕೂಗಿದವರಿಗೆ ಕೊಡಬೇಕೆಂಬುದು ಪದ್ಧತಿ. ಗಾಜಿಗೆ ಖರ್ಚು ಮಾಡುವ ಉದ್ದೇಶವಿರುವವರು ಹೆಚ್ಚು ಕೂಗಲು ಸಾಧ್ಯವೇ ಇಲ್ಲವೆಂಬುದು ಈ ಚರ್ಚೆ ಓದಿದ ಮೇಲೆ ಹೊಳೆಯಿತು. ಮೊಹರು, ಸಹಿ, ಮೂರು ಪ್ರತಿ ಎಲ್ಲವೂ ಸರಿಯಾಗಿತ್ತು.

ಶಕ್ತಿನಗರ ಕ್ವಾರ್ಟರ್ಸ್

ಮೇಡಂ, ನಿಯಮದಲ್ಲಿ ದೊಡ್ಡ ಬಳಕೆದಾರರು ನೋಂದಾಯಿತರಿಗೇ ಕೊಡಬೇಕೆಂಬ ಕಟ್ಟುಪಾಡಿದೆ. ಆದರೆ ದೊಡ್ಡ ಬಳಕೆದಾರರೆಂದರೆ ಒಂದು ಆರ್ಥಿಕ ವರ್ಷದಲ್ಲಿ ಯಾವಾಗಲಾದರೂ ಕನಿಷ್ಠ 1,000 ಉಪಕರಣ ಬಳಸಿದ ಸಂಸ್ಥೆ. ಒಂದು ಶಾಲೆಯನ್ನು ಒಂಟಿಯಾಗಿ ಎಣಿಸಿದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ತಾಲ್ಲೂಕಿನ ಶಾಲೆಗಳೆಲ್ಲ ಒಟ್ಟಾಗಿ ಒಂದೇ ಬಾರಿ ಕೊಟ್ಟರೆ ನೋಂದಾಯಿತರು ಲಾರಿ ಕಳುಹಿಸಲು ಒಪ್ಪಬಹುದು.

ಹಟ್ಟಿ ಕ್ಯಾಂಪ್

ಚಿನ್ನದ ಮಾತು ಬಂದಿತಾದ್ದರಿಂದ ಒಂದು ಪ್ರಸಂಗ ಹೇಳುತ್ತೇನೆ. ನನ್ನ ಅಕ್ಕನ ಮಗ ಮೊಬೈಲಿನಲ್ಲಿ ವಿಡಿಯೊ ನೋಡಿ, ಹಳೆಯ ಟಿವಿ ಬೋರ್ಡುಗಳಿಂದ ಚಿನ್ನ ತೆಗೆಯುತ್ತೇನೆಂದು ಆಮ್ಲ ತಂದು ಬಚ್ಚಲಿನ ಪ್ಲಾಸ್ಟಿಕ್ ಬಕೆಟಿಗೆ ಸುರಿದ. ಕಂದು ಹೊಗೆ ಎದ್ದು ಮನೆಮಂದಿಯೆಲ್ಲ ಅಂಗಳಕ್ಕೆ ಓಡಿಬಂದರು. ಅಕ್ಕನ ಬೆಳ್ಳಿಯ ಕಾಲುಂಗುರ ಕಪ್ಪಾಯಿತು, ಬಚ್ಚಲಿನ ನೆಲ ಹಳದಿಯಾಯಿತು. ಚಿನ್ನವೆಂಬುದು ಕಣ್ಣಿಗೆ ಬೀಳಲಿಲ್ಲ.

ನಾನು ಕೆಲಸ ಮಾಡುವುದು ಚಿನ್ನದ ಗಣಿಯಲ್ಲಿ. ಅಲ್ಲಿ ಒಂದು ಟನ್ ಅದಿರಿನಿಂದ ಸಿಗುವುದು ಕೆಲವೇ ಗ್ರಾಂ. ಅದಕ್ಕಾಗಿ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಕರಗಿಸಿ, ಉಳಿದ ಕೆಸರನ್ನು ಒಡ್ಡು ಕಟ್ಟಿ ಕಾಯಬೇಕು. ಮೊಬೈಲ್ ಮತ್ತು ಕಂಪ್ಯೂಟರ್ ಬೋರ್ಡುಗಳಲ್ಲಿ ಟನ್ನಿಗೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನವಿರುತ್ತದೆ ಎಂಬುದು ನಿಜ, ಆದರೆ ಒಂದು ಟನ್ ಬೋರ್ಡು ಯಾರ ಮನೆಯಲ್ಲಿದೆ? ಹಳೆಯ ಟಿವಿಯ ಬೋರ್ಡಿನಲ್ಲಂತೂ ಅದು ತೀರ ಅಲ್ಪ. ಗಣಿಯಲ್ಲಿ ಇಷ್ಟು ಜನ, ಇಷ್ಟು ಕಾವಲು ಇಟ್ಟು ಮಾಡುವ ಕೆಲಸವನ್ನು ಬಚ್ಚಲಿನಲ್ಲಿ ಮಾಡಿದರೆ ಉಳಿಯುವುದು ಆಮ್ಲದ ನೀರು, ಅದು ಹೋಗುವುದು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ.

ತೀನ್ ಕಂದೀಲ್ ಟಿವಿ ರಿಪೇರಿ

ಚಿನ್ನಕ್ಕಿಂತ ದೊಡ್ಡ ಹುಚ್ಚು ಕೆಂಪು ಪಾದರಸದ್ದು. ಕೆಲವು ವರ್ಷಗಳ ಹಿಂದೆ ಹಳೆಯ ಕಪ್ಪು-ಬಿಳುಪಿನ ಟಿವಿಗಳಲ್ಲಿ, ರೇಡಿಯೊಗಳಲ್ಲಿ ಕೆಂಪು ಪಾದರಸದ ಸಣ್ಣ ಸೀಸೆಯಿದೆ, ಅದಕ್ಕೆ ಲಕ್ಷಾಂತರ ರೂಪಾಯಿ ಬೆಲೆಯಿದೆ ಎಂಬ ವದಂತಿ ಫೋನಿನಿಂದ ಫೋನಿಗೆ ಹರಿದಾಡಿತು. ನನ್ನ ಅಂಗಡಿಗೇ ಆರು ಜನ ಬಂದು ಕೇಳಿದರು. ಒಬ್ಬರು ಕಾರಿನಲ್ಲಿ ಬಂದಿದ್ದರು.

ರಸಾಯನ ಉಪನ್ಯಾಸಕಿ, ಸಿಂಧನೂರು

ಅಂಥ ವಸ್ತು ಟಿವಿಯಲ್ಲಿ ಇಲ್ಲ. 2009ರಲ್ಲಿ ಇದೇ ವದಂತಿ ಸೌದಿ ಅರೇಬಿಯಾದಲ್ಲಿ ಹಳೆಯ ಹೊಲಿಗೆ ಯಂತ್ರಗಳ ಬಗ್ಗೆ ಹಬ್ಬಿ, ಜನ ಅವುಗಳಿಗೆ ಮುಗಿಬಿದ್ದಿದ್ದರು. ನಿಜವಾದ ಪಾದರಸ ಇರುವುದು ಬೇರೆ ಕಡೆ. ಆರಂಭದ ಎಲ್‌ಸಿಡಿ ಟಿವಿಗಳ ಪರದೆಯ ಹಿಂದೆ ಪೆನ್ಸಿಲ್‌ಗಿಂತ ತೆಳುವಾದ ಟ್ಯೂಬ್‌ಲೈಟುಗಳು ಇರುತ್ತಿದ್ದವು, ಅವುಗಳಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಪಾದರಸವಿರುತ್ತದೆ. ಆ ಪರದೆಗಳನ್ನೂ ಒಡೆಯಬಾರದು. ಎಲ್‌ಇಡಿ ಹಿಂಬೆಳಕಿನವುಗಳಲ್ಲಿ ಈ ಸಮಸ್ಯೆಯಿಲ್ಲ.

ಇನ್ನೊಂದು ವಿಷಯ. ಸಂಜೆಯ ಹೊತ್ತು ಊರ ಹೊರಗೆ ವೈರ್ ಸುಟ್ಟು ತಾಮ್ರ ತೆಗೆಯುವುದನ್ನು ಎಲ್ಲರೂ ನೋಡಿರುತ್ತೇವೆ. ವೈರಿನ ಪಿವಿಸಿ ಮತ್ತು ಬೆಂಕಿ ಹಿಡಿಯದಿರಲೆಂದು ಬ್ರೋಮಿನ್ ಸಂಯುಕ್ತ ಬೆರೆಸಿದ ಟಿವಿ ಕವಚದ ಪ್ಲಾಸ್ಟಿಕ್ ತೆರೆದ ಬೆಂಕಿಯಲ್ಲಿ ಉರಿದಾಗ ಡಯಾಕ್ಸಿನ್‌ನಂಥ ವಿಷಗಳು ಹುಟ್ಟುತ್ತವೆ. ಅವು ಬೇಗ ನಾಶವಾಗುವುದಿಲ್ಲ. ಮೇವಿನ ಮೇಲೆ ಕುಳಿತು, ದನದ ಹಾಲಿನ ಕೊಬ್ಬಿನಲ್ಲಿ ಸೇರಿ ಮತ್ತೆ ಮನೆಗೇ ಬರುತ್ತವೆ. ವೈರನ್ನು ಸುಡದೆ ಸುಲಿದರೆ ತಾಮ್ರಕ್ಕೆ ಒಳ್ಳೆಯ ದರವೂ ಸಿಗುತ್ತದೆಯಲ್ಲವೇ?

ಗುಜರಿ ಮನೆಯ ಮಗ

ಹೌದು ಮೇಡಂ. ಸುಲಿದ ತಾಮ್ರ ಹೊಳೆಯುತ್ತದೆ, ಸುಟ್ಟ ತಾಮ್ರ ಕಪ್ಪಾಗಿರುತ್ತದೆ, ಕಿಲೋಗೆ ದರ ಬೇರೆಯೇ. ಕೈಯಿಂದ ತಿರುಗಿಸುವ ಸುಲಿಯುವ ಯಂತ್ರವನ್ನು ನಾವು ಹೋದ ವರ್ಷ ತಂದೆವು. ದಪ್ಪ ವೈರಿಗೆ ಅದು ಸಾಕು. ಟಿವಿಯ ಒಳಗಿನ ಕೂದಲಿನಂಥ ವೈರಿಗೆ ಅದು ನಡೆಯುವುದಿಲ್ಲ.

ಮಾವಿನಕೆರೆ ಮೇಷ್ಟ್ರು

ನಡುವೆ ಒಂದು ಹಳೆಯ ನೆನಪು, ವಿಷಯಕ್ಕೆ ಹೊರತಾದದ್ದೇನೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ ಸೈಟ್ ಪ್ರಯೋಗದಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ ನಮ್ಮ ಹಳ್ಳಿಯ ಶಾಲೆಯ ಮುಂದೆ ಕೋಳಿಬಲೆಯಂಥ ತಂತಿಜಾಲರಿಯ ದೊಡ್ಡ ಛತ್ರಿ ನಿಂತಿತ್ತು. ಸಂಜೆಯಾದರೆ ಮುತ್ಯಾನ ಹೆಗಲ ಮೇಲೆ ಕುಳಿತು ನೋಡುತ್ತಿದ್ದೆ. ವರ್ಷ ಮುಗಿಯಿತು, ಉಪಗ್ರಹವನ್ನು ಬೇರೆಡೆಗೆ ಸರಿಸಿದರು, ಪೆಟ್ಟಿಗೆ ಮೂಕವಾಯಿತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ನೆನಪಿದೆ. ಆಮೇಲೆ ಅದು ಎಲ್ಲಿಗೆ ಹೋಯಿತೆಂದು ನಾನೂ ಕೇಳಲಿಲ್ಲ, ಊರಿನಲ್ಲಿ ಯಾರೂ ಕೇಳಲಿಲ್ಲ. ಬರುವಾಗ ಹಲಗೆ ಬಾರಿಸಿಕೊಂಡು ಬಂದಿತ್ತು.

ಈಗ ಕೆಲಸದ ಮಾತು. ನನ್ನ ಎರಡು ಸೆಟ್ಟಿಗಾಗಿ ಯಾರೂ ಲಾರಿ ಕಳುಹಿಸುವುದಿಲ್ಲವೆಂದು ಅರ್ಥವಾಯಿತು. ಕಾಲೋನಿಯಲ್ಲಿ ಮನೆಮನೆಗೆ ಹೋಗಿ ಕೇಳಿದರೆ ಎಷ್ಟು ಸಿಗಬಹುದು?

ತೀನ್ ಕಂದೀಲ್ ಟಿವಿ ರಿಪೇರಿ

ನೀವು ಎಣಿಸಿದ್ದಕ್ಕಿಂತ ಹೆಚ್ಚು ಸಿಗುತ್ತವೆ. ಮೊದಲು ನನಗೆ ತೋರಿಸಿ, ರಿಪೇರಿಯಾಗುವಂಥದ್ದನ್ನು ಬೇರೆ ಇಡೋಣ. ಎಲ್‌ಇಡಿ ಸೆಟ್ಟುಗಳಲ್ಲಿ ಬಹಳಷ್ಟು ಸಲ ಹೋಗಿರುವುದು ಹಿಂಬೆಳಕಿನ ಪಟ್ಟಿ ಮಾತ್ರ. ಧ್ವನಿ ಬರುತ್ತಿದ್ದು ಚಿತ್ರ ಕಾಣದಿದ್ದರೆ, ಕತ್ತಲಲ್ಲಿ ಪರದೆಯ ಮೇಲೆ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಪಟ್ಟಿ ಬದಲಿಸಿದರೆ ಸಾಕು. ಪ್ಯಾನೆಲ್ ಒಡೆದಿದ್ದರೆ ಮಾತ್ರ ರಿಪೇರಿ ಖರ್ಚು ಹೊಸ ಟಿವಿಯ ಹತ್ತಿರ ಬರುತ್ತದೆ. ಸೆಟ್‌ಟಾಪ್ ಬಾಕ್ಸುಗಳನ್ನು ಕೊಡುವ ಮೊದಲು ಕೇಬಲ್‌ನವರನ್ನು ಕೇಳಿ. ಎಷ್ಟೋ ಬಾಕ್ಸುಗಳು ಅವರ ಆಸ್ತಿಯೇ ಆಗಿರುತ್ತವೆ.

ನಿಜಲಿಂಗಪ್ಪ ಕಾಲೋನಿ

ನಮ್ಮ ಮನೆಯ ಉಬ್ಬಿದ ಮೊಬೈಲ್ ಬ್ಯಾಟರಿಯನ್ನೂ ಸೇರಿಸಬಹುದೇ?

ಶಕ್ತಿನಗರ ಕ್ವಾರ್ಟರ್ಸ್

ಟಿವಿಗಳ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ. ಉಬ್ಬಿದ ಲಿಥಿಯಂ ಬ್ಯಾಟರಿ ಒತ್ತಿದರೂ ಚುಚ್ಚಿದರೂ ಬೆಂಕಿ ಹಿಡಿಯುತ್ತದೆ. ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಬೇರೆಯಾಗಿ ಇಡಿ. ಬ್ಯಾಟರಿಗಳಿಗೆ 2022ರ ಪ್ರತ್ಯೇಕ ನಿಯಮವಿದೆ.

ನೋಂದಾಯಿತ ಮರುಬಳಕೆದಾರರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಸಿಗುತ್ತದೆ. ನಮ್ಮ ರಾಜ್ಯದವರು ಬಹುಪಾಲು ಬೆಂಗಳೂರಿನ ಸುತ್ತಮುತ್ತ ಇದ್ದಾರೆ. ಫೋನು ಮಾಡುವಾಗ ಇ-ತ್ಯಾಜ್ಯ ತೆಗೆದುಕೊಳ್ಳುತ್ತೀರಾ ಎಂದು ಕೇಳಬೇಡಿ, ಹೂಂ ಎನ್ನುತ್ತಾರೆ. ಪಿಕ್ಚರ್ ಟ್ಯೂಬ್ ಟಿವಿಯನ್ನು ಇಡಿಯಾಗಿ ತೆಗೆದುಕೊಳ್ಳುತ್ತೀರಾ, ಗಾಜನ್ನು ಎಲ್ಲಿಗೆ ಕಳುಹಿಸುತ್ತೀರಿ ಎಂದು ಕೇಳಿ.

ಗುಜರಿ ಮನೆಯ ಮಗ

ಸಂಗ್ರಹಿಸಿಡಲು ನಮ್ಮ ಅಂಗಡಿಯ ಹಿಂದಿನ ತಗಡಿನ ಶೆಡ್ ಕೊಡುತ್ತೇನೆ. ಅಪ್ಪನನ್ನು ಒಪ್ಪಿಸಿದ್ದೇನೆ. ಒಂದೇ ಶರತ್ತು: ಒಡೆಯದ ಸೆಟ್ಟನ್ನು ತಳ್ಳಿಕೊಂಡು ಬಂದ ಬಂಡಿಯವರಿಗೆ ಸೆಟ್ಟಿಗೆ ಮೂವತ್ತು ರೂಪಾಯಿ ಕಾಲೋನಿಯವರು ಕೂಡಿಸಿ ಕೊಡಬೇಕು. ತಾಮ್ರ ಬಿಟ್ಟುಕೊಟ್ಟದ್ದಕ್ಕೆ ಅಷ್ಟಾದರೂ ಸಿಗಬೇಕು.

ಮಾವಿನಕೆರೆ ಮೇಷ್ಟ್ರು

ಇಪ್ಪತ್ತೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಕಾಲೇಜಿನ ಎನ್‌ಎಸ್‌ಎಸ್ ಹುಡುಗರ ನೆರವಿನಿಂದ ಮೂವತ್ತೇಳು ಟಿವಿಗಳು ಸೇರಿದವು, ಅದರಲ್ಲಿ ಇಪ್ಪತ್ತಾರು ಪಿಕ್ಚರ್ ಟ್ಯೂಬಿನವು. ರಿಪೇರಿಯವರು ಐದು ಎಲ್‌ಇಡಿ ಸೆಟ್ಟುಗಳನ್ನು ಎಬ್ಬಿಸಿದರು. ಒಂದು ಅಂಗನವಾಡಿಗೆ ಹೋಯಿತು. ಮೂರು ಕಡೆ ಫೋನು ಮಾಡಿದಾಗ ಎರಡು ಕಡೆಯವರು ಬೋರ್ಡುಗಳನ್ನು ಬಿಚ್ಚಿ ಕಳುಹಿಸಿ, ಗಾಜು ಬೇಡ ಎಂದರು. ಮೂರನೆಯವರು ಒಪ್ಪಿದರು, ಆದರೆ ಟ್ಯೂಬ್ ಟಿವಿಗೆ ಬೆಲೆ ಕೊಡುವುದಿಲ್ಲ, ಬಾಡಿಗೆಯ ಅರ್ಧ ನಮ್ಮದು ಎಂದರು. ಕಾಲೋನಿಯವರು ಗೊಣಗುತ್ತಲೇ ಹಣ ಕೂಡಿಸಿದರು. ಮೊನ್ನೆ ಟೆಂಪೊ ಬಂದು ಎಲ್ಲವನ್ನೂ ಕೌದಿಗಳ ಮೇಲೆ ಬೋರಲಾಗಿ ಮಲಗಿಸಿಕೊಂಡು ಹೋಯಿತು. ತೂಕ ಬರೆದ ರಸೀದಿ ನನ್ನ ಬಳಿ ಇದೆ. ನನ್ನ 14 ಇಂಚಿನದೂ ಹೋಯಿತು. ಮನೆಯವಳು ಅದರ ಪರದೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಉಪನ್ಯಾಸಕಿಯವರಲ್ಲಿ ಒಂದು ವಿಷಯ ಕೇಳಬೇಕಿತ್ತು. ಖಾಲಿ ನಿವೇಶನದ ಚೂರುಗಳನ್ನು ನೀವು ಫೋನಿನಲ್ಲಿ ಹೇಳಿದಂತೆ ಪೊರಕೆ ಮುಟ್ಟಿಸದೆ, ನೀರು ಚಿಮುಕಿಸಿ ಧೂಳು ಅಡಗಿಸಿ, ದಪ್ಪ ಕೈಗವಸು ಹಾಕಿಕೊಂಡು ಆರಿಸಿ, ಮೇಲಿನ ಮಣ್ಣನ್ನೂ ಒಂದು ಬೆರಳು ಆಳಕ್ಕೆ ಕೆರೆದು ಎರಡು ಪದರದ ಚೀಲಕ್ಕೆ ತುಂಬಿಸಿದೆವು. ಟೆಂಪೊದವರು ಅದನ್ನು ಮಾತ್ರ ಹತ್ತಿಸಿಕೊಳ್ಳಲಿಲ್ಲ. ಟಿವಿ ಎಂದರೆ ಪಟ್ಟಿಯಲ್ಲಿದೆ, ಒಡೆದ ಗಾಜೆಂದರೆ ಅದು ಬೇರೆ ಕಾಗದ, ಬೇರೆ ಅನುಮತಿ ಎಂದರು. ಚೀಲ ಈಗ ಹುಡುಗನ ಶೆಡ್ಡಿನ ಮೂಲೆಯಲ್ಲಿದೆ, ಮೇಲೆ ಕೆಂಪು ಬಣ್ಣದಲ್ಲಿ ಸೀಸದ ಗಾಜು, ಮುಟ್ಟಬೇಡಿ ಎಂದು ನಾನೇ ಬರೆದಿದ್ದೇನೆ. ಅದನ್ನು ಯಾರಿಗೆ ಕೊಡಬೇಕು?